ಉಪಕಸುಬಿನ ಆಸರೆ

ನೌಕರಿಯಲ್ಲಿರುವ ಗೃಹಸ್ಥನೊಬ್ಬನು ತನ್ನ ಬಿಡುವಿನ ವೇಳೆಯಲ್ಲಿ ಗಳಿಕೆಯ ಇನ್ನೊಂದು ದಾರಿಯನ್ನು ಹಿಡಿದರೆ, ಅದನ್ನು ಆಸೆಬುರುಕತನವೆಂದು ಹಳಿಯುವವರು ನಮ್ಮಲ್ಲಿ ಹಲವರಿದ್ದಾರೆ. ಸಂಬಳ ಬರುತ್ತಿರುವಾಗ ಈ ದಗದವೇಕೆಂದು ಅವರು ಕೇಳುವರು. ಆದರೆ ನಮ್ಮ ಸೀಮೆಯ ಇತಿಹಾಸವನ್ನು ತುಸು ನಿಂತು ನೋಡಿದರೆ, ಇಡಿಯ ಸಂಸಾರವು ಒಂದೇ ಸಂಬಳವನ್ನು ನಂಬಿ ಕೂಡ್ರುವ ರೂಢಿಯೇ ಹೊಸದೆಂಬದು ತಿಳಿದುಬರುವದು. ಒಕ್ಕಲುತನ ಉತ್ತಮ, ವ್ಯಾಪಾರ ಮಧ್ಯಮ, ಚಾಕರಿ ಕನಿಷ್ಠವೆಂಬ ಹಿರಿಯರ ಮಾತು ಕೇವಲ ಅಭಿಮಾನದಿಂದ ಹುಟ್ಟಿದ್ದಲ್ಲ. ಕೊಡುವವನ ಮರ್ಜಿಯ ಮೇಲೆ ನಿಂತ ಅನ್ನಕ್ಕೆ ಭರವಸೆ ಕಡಿಮೆಯೆಂಬ ಅನುಭವವು ಅದರ ಹಿಂದಿದೆ.

ಶಿಗ್ಗಾಂವಿ ತಾಲೂಕಿನ ಹುಲಗೂರನ್ನೇ ನಡುವಿಟ್ಟುಕೊಂಡು ನೋಡೋಣ. ಖಾದರಶಾವಲಿಯವರ ದರ್ಗೆಯಿಂದ ಈ ಊರ ಹೆಸರು ನಾಡಿಗೆಲ್ಲ ತಿಳಿದಿದೆ. ಹತ್ತಿರದಲ್ಲಿಯೇ ಶಿಶುನಾಳವಿದೆ, ಅತ್ತ ನವಾಬರ ಸವಣೂರಿದೆ. 1818ರಲ್ಲಿ ಪೇಶವೆಯರ ಆಳಿಕೆಯು ಮುಗಿದು ಧಾರವಾಡ ಸೀಮೆಯು ಇಂಗ್ಲಿಷರ ಕೈಸೇರಿತು. ಸವಣೂರ ಸಂಸ್ಥಾನವು ಉಳಿದುಕೊಂಡಿತಾದರೂ 1948ರಲ್ಲಿ ಅದೂ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ನೂರಮೂವತ್ತು ವರುಷಗಳ ಅವಧಿಯಲ್ಲಿ ಒಂದೇ ಸೀಮೆಯಲ್ಲಿ ಎರಡು ದರಬಾರುಗಳು ಮುಚ್ಚಿದುವು. ದರಬಾರವನ್ನು ನೆಚ್ಚಿದ ಚಾಕರಿಯು ಎಷ್ಟು ದಿನದ್ದೆಂಬದಕ್ಕೆ ಬೇರೆ ಸಾಕ್ಷಿ ಬೇಡ.

ಒಕ್ಕಲಿಗನಾದರೂ ಹೊಲವೊಂದನ್ನೇ ನಂಬಿದವನಲ್ಲ. ಸುಗ್ಗಿ ತೀರಿದ ಮೇಲೆ ಎತ್ತುಗಳು ಬರಿದೆ ನಿಲ್ಲುವವು. ಆಗ ಧಾರವಾಡ ಸೀಮೆಯ ರೈತರು ಬಾಡಿಗೆಗೆ ಗಾಡಿ ಹೂಡುತ್ತಿದ್ದರು. ಅರಳೆಯನ್ನು ಹೇರಿಕೊಂಡು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಮುಟ್ಟಿಸುವದು, ಮರಳುವಾಗ ಉಪ್ಪನ್ನೂ ತೆಂಗನ್ನೂ ತರುವದು, ಇದೇ ಅವರ ಬೇಸಗೆಯ ಉಪಕಸುಬು. ನಮ್ಮ ಸೀಮೆಯ ಹತ್ತಿಗೆ ಪರದೇಶದ ಪೇಟೆಯಲ್ಲಿ ಆ ಬಂದರದ ಹೆಸರೇ ಬಿದ್ದಿತ್ತು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತಃಕಲಹವು ನಡೆದು ಅಲ್ಲಿಯ ಹತ್ತಿಯು ವಿಲಾಯತಿಯ ಗಿರಣಿಗಳಿಗೆ ಬಾರದಾದಾಗ, ಇಲ್ಲಿಯ ಹತ್ತಿಯ ಬೆಲೆಯು ಆಕಾಶಕ್ಕೇರಿತು. ಹೊಲದವನಿಗೂ ಗಾಡಿಯವನಿಗೂ ಕೈತುಂಬ ಹಣವಾಯಿತು. ಯುದ್ಧವು ತೀರಿದೊಡನೆ ಬೆಲೆಯು ಇಳಿಯಿತು.

ತರುವಾಯ 1876ರಿಂದ 1878ರ ವರೆಗಿನ ದೊಡ್ಡ ಬರಗಾಲವು ಬಂದಿತು. ಮಳೆಯಿಲ್ಲದ್ದರಿಂದ ಹೊಲವು ಒಣಗಿತು. ಮೇವಿಲ್ಲದ್ದರಿಂದ ದನಗಳು ಸತ್ತವು. ಎತ್ತು ಸತ್ತವನಿಗೆ ಹೊಲ ಗಾಡಿಗಳೆರಡೂ ಒಮ್ಮೆಲೆ ಹೋದವು. ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದಿದೆ. ಆ ರೈತನಿಗೆ ಎರಡು ಕಸುಬುಗಳಿದ್ದವು, ನಿಜ. ಆದರೆ ಎರಡಕ್ಕೂ ಬೇರು ಒಂದೇ ಆಗಿತ್ತು. ಅದೇ ಎತ್ತು, ಅದೇ ಮಳೆ, ಅದೇ ಹತ್ತಿ. ಒಂದೇ ಬೇರಿನಿಂದ ಒಡೆದ ಎರಡು ಟೊಂಗೆಗಳನ್ನು ಎರಡು ಮರಗಳೆಂದು ಎಣಿಸಿದರೆ ಬರಗಾಲವು ಆ ಲೆಕ್ಕವನ್ನು ತಿದ್ದುವದು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೇಲ್ವೆಯು ನಮ್ಮ ಜಿಲ್ಲೆಯನ್ನು ಹೊಕ್ಕಿತು. 1888ರಲ್ಲಿ ಮಾರ್ಮಗೋವೆಯ ಬಂದರಕ್ಕೆ ದಾರಿಯು ತೆರೆಯಿತು. ಕುಮಟೆಯ ಗಾಡಿಯ ಬಾಡಿಗೆಯು ಅಲ್ಲಿಗೆ ಕುಂದಿತು. ಇದರಲ್ಲಿ ರೈತನ ತಪ್ಪೇನೂ ಇರಲಿಲ್ಲ. ಕಾಲವು ಸಾಗಿಸುವ ದಾರಿಯನ್ನೇ ಬದಲಿಸಿತು.

ಈ ಕಾಲದಲ್ಲಿಯೇ ಹಳ್ಳಿಗಳಲ್ಲಿ ಸರಕಾರದ ಕನ್ನಡ ಶಾಲೆಗಳು ಹಬ್ಬಿ, ತಿಂಗಳಿಗೊಮ್ಮೆ ನಿಶ್ಚಿತವಾಗಿ ಬರುವ ಸಂಬಳವೆಂಬ ಹೊಸ ವಸ್ತುವು ಊರೂರಿಗೆ ಬಂದಿತು. ಶಿಶುನಾಳದ ಶರೀಫರು (1819–1889) ಕೆಲಕಾಲ ಇಂಥ ಮಾಸ್ತರಿಕೆಯನ್ನು ಮಾಡಿದವರೇ. ಅವರ ತಂದೆ ಇಮಾಮಸಾಹೇಬರು ಹುಲಗೂರಿನ ಖಾದರಶಾವಲಿಯವರಲ್ಲಿ ನಡೆದುಕೊಳ್ಳುವವರು. ಶರೀಫರಿಗೆ ಗುರುಗಳಾದವರು ಕಳಸದ ಗೋವಿಂದಭಟ್ಟರು. ಶರೀಫರು ಮಾಸ್ತರಿಕೆಯನ್ನು ಬಿಟ್ಟು ಅಧ್ಯಾತ್ಮದ ದಾರಿಯನ್ನು ಹಿಡಿದರು. ನಾಳಿನ ಚಿಂತೆಯನ್ನು ಗುರುವಿಗೊಪ್ಪಿಸಿ ಹೊರಡುವ ಆ ಧೈರ್ಯಕ್ಕೆ ನಾವು ಕೈಮುಗಿಯುವೆವು. ಆದರೆ ಮಕ್ಕಳುಮರಿಗಳ ಹೊಣೆಯಿರುವ ಗೃಹಸ್ಥರೆಲ್ಲರಿಂದ ಅದು ಆಗತಕ್ಕದ್ದಲ್ಲ. ಅವರಿಗೆ ಬೇರೊಂದು ಮೇಲ್ಪಂಕ್ತಿ ಬೇಕು. ಅದೂ ನಮ್ಮ ಸೀಮೆಯಲ್ಲಿಯೇ ದೊರೆಯುತ್ತದೆ.

ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಇಂದಿನ ಹಾವೇರಿ ಜಿಲ್ಲೆಯವರು. ವೃತ್ತಿಯಿಂದ ಕನ್ನಡ ಶಾಲೆಯ ಮಾಸ್ತರರು. ಮಾಸ್ತರಿಕೆಯಲ್ಲಿದ್ದಾಗಲೇ ಅವರು ಕಾದಂಬರಿಯನ್ನು ಬರೆಯಹತ್ತಿದರು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಅವರ ‘ಪ್ರಬುದ್ಧ ಪದ್ಮನಯನೆ’ಗೆ 1898ರಲ್ಲಿ ಬಹುಮಾನವನ್ನಿತ್ತಿತು. ಅವರು ಆ ಬಹುಮಾನದ ಬಲದಿಂದ ಮರುದಿನವೇ ರಾಜೀನಾಮೆಯನ್ನು ಬರೆಯಲಿಲ್ಲ. ಪಾಠವನ್ನು ಹೇಳುತ್ತ, ಬರೆಯುತ್ತ, ಓದುವವರನ್ನು ಕೂಡಿಸಿಕೊಂಡರು. ಕೆಲವು ವರುಷಗಳ ತರುವಾಯ ಶಾಲೆಯನ್ನು ಬಿಟ್ಟರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕತ್ವವು ಅವರ ಪಾಲಿಗೆ ಬಂದಿತು. ಪುಸ್ತಕದ ಅಂಗಡಿಗಳಿಲ್ಲದ ಆ ದಿನಗಳಲ್ಲಿ ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆಯುವದರಷ್ಟೇ ಮಾರುವದೂ ತಮ್ಮ ಕೆಲಸವೆಂದು ತಿಳಿದಿದ್ದರು. ಅದರಲ್ಲಿ ಅವರಿಗೆ ನಾಚಿಕೆಯಿರಲಿಲ್ಲ.

ಗಾಡಿಯ ರೈತನ ಉಪಕಸುಬಿಗೂ ಇದಕ್ಕೂ ಇರುವ ಅಂತರವನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಮಾಸ್ತರಿಕೆಯ ಸಂಬಳವು ಸರಕಾರದಿಂದ ಬರತಕ್ಕದ್ದು. ಕಾದಂಬರಿಯ ಬೆಲೆಯು ನೂರಾರು ಮನೆಗಳಿಂದ ಬರತಕ್ಕದ್ದು. ಒಂದು ಬತ್ತಿದರೆ ಇನ್ನೊಂದು ಬತ್ತಬೇಕೆಂಬ ನಿಯಮವಿಲ್ಲ. ಅದರೊಡನೆ, ಅಕ್ಷರವನ್ನು ಕಲಿಸುವ ಮೊದಲಿನ ವೃತ್ತಿಯೇ ಎರಡನೆಯದಕ್ಕೆ ಓದುಗರನ್ನು ಸಿದ್ಧಪಡಿಸುತ್ತಿತ್ತು. ಕೈಯಲ್ಲಿರುವ ವಿದ್ಯೆಯನ್ನೇ ಬೇರೊಂದು ಪೇಟೆಗೆ ಒಯ್ಯುವದು, ಆ ಪೇಟೆಯು ಮೊದಲಿನ ಒಡೆಯನ ಹಂಗಿನಲ್ಲಿರದಂತೆ ನೋಡಿಕೊಳ್ಳುವದು, ಅದು ನೆಲೆಗೊಳ್ಳುವ ವರೆಗೆ ಮೊದಲಿನದನ್ನು ಬಿಡದಿರುವದು, ಈ ಮೂರು ಸೂತ್ರಗಳು ಅವರ ಚರಿತ್ರದಲ್ಲಿ ತಾವಾಗಿ ಕಾಣುತ್ತವೆ. ಕನ್ನಡ ಕಾದಂಬರಿಯ ಪಿತಾಮಹರೆಂಬ ಹಿರಿಮೆಯು ಅವರಿಗೆ ಲಭಿಸಿದ್ದು ಹೀಗೆ ಶಾಲೆಯ ಬಿಡುವಿನಲ್ಲಿ ಆರಂಭಿಸಿದ ಕೆಲಸದಿಂದಲೇ.

ಕುಲಕರ್ಣಿಕೆಯ ವತನದ ಕಥೆಯನ್ನೂ ಇದರೊಡನೆ ಓದಬೇಕು. ಊರ ಲೆಕ್ಕಪತ್ರವನ್ನು ಬರೆಯುವ ಈ ಹಕ್ಕು ತಲೆತಲಾಂತರಕ್ಕೂ ಅಳಿಯದೆಂದು ಜನರು ನಂಬಿದ್ದರು. ಅದಕ್ಕಿಂತ ಭದ್ರವಾದ ಉದ್ಯೋಗವು ಹಳ್ಳಿಯಲ್ಲಿ ಬೇರೊಂದಿರಲಿಲ್ಲ. ಮುಂಬಯಿ ಸರಕಾರವು 1950ರಲ್ಲಿ ಮಾಡಿದ ಕಾಯದೆಯಿಂದ ಪರಗಣೆಯ ವತನಗಳೂ ಕುಲಕರ್ಣಿ ವತನಗಳೂ ರದ್ದಾದವು. ಊರಿಗೆ ಸಂಬಳದ ಲೆಕ್ಕಿಗನು ಬಂದನು. ಲೆಕ್ಕದ ಕೆಲಸವು ವಂಶದ ಕೈಬಿಡುವದು ನ್ಯಾಯವೇ ಆಗಿದ್ದಿರಬಹುದು. ಆದರೆ ನ್ಯಾಯವಾಗಿ ಹೋದ ಉದ್ಯೋಗವೂ ಹೋದದ್ದೇ. ಮಕ್ಕಳನ್ನು ಮೊದಲೇ ಶಾಲೆಗೆ, ವಕೀಲಿಗೆ, ವೈದ್ಯಕ್ಕೆ ಹಚ್ಚಿದ ಮನೆಗೆ ಅದು ಬರಿಯ ನಷ್ಟ; ವತನದ ದಪ್ತರವನ್ನೇ ನೆಚ್ಚಿ ಕುಳಿತ ಮನೆಗೆ ಅದು ಅನ್ನದ ಪ್ರಶ್ನೆ.

ಇಂದು ಹುಲಗೂರ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಹುಬ್ಬಳ್ಳಿ ಬೆಂಗಳೂರುಗಳಲ್ಲಿ ಕಂಪನಿಗಳ ನೌಕರಿಯಲ್ಲಿದ್ದಾರೆ. ಸಂಬಳವು ದೊಡ್ಡದಾಗಿದೆ, ಸಾಲದ ಕಂತೂ ಅಷ್ಟೇ ದೊಡ್ಡದಾಗಿದೆ. ಕೆಲಸ ಹೋಯಿತೆಂಬ ಸುದ್ದಿಯು ಒಂದೇ ಪತ್ರದಲ್ಲಿ ಬರಬಲ್ಲದು. ಅಂಥವನು ಸಂಜೆಗೆ ಪಾಠ ಹೇಳಲಿ, ಲೆಕ್ಕ ಬರೆಯಲಿ, ಊರ ಹೊಲದ ಬೆಳೆಯನ್ನು ಸಂಸ್ಕರಿಸಿ ಮಾರಲಿ. ಹಿರಿಯರು ಅದನ್ನು ಹಗುರಾಗಿ ಕಾಣಬಾರದು. ಆದರೆ ತನ್ನ ಒಡೆಯನ ಹೊತ್ತನ್ನು ಕದ್ದು ಅದನ್ನು ನಡೆಯಿಸಲಾಗದು. ಮೈಯ ಆರೋಗ್ಯವನ್ನೂ ಮನೆಯವರ ಪಾಲಿನ ವೇಳೆಯನ್ನೂ ಸುಟ್ಟುಕೊಂಡು ನಡೆಯಿಸಿದರೆ ಅದು ಆಸರೆಯಾಗದೆ ಭಾರವಾಗುವದು.

ಉಪಕಸುಬಿನ ಫಲವು ಹಣವೊಂದೇ ಅಲ್ಲ. ಇನ್ನೊಂದು ಅನ್ನದ ದಾರಿಯಿರುವವನು ತನ್ನ ಮೇಲಿನವರೆದುರು ಸತ್ಯವನ್ನು ಆಡಬಲ್ಲನು. ಅನ್ಯಾಯದ ಕೆಲಸಕ್ಕೆ ಒಲ್ಲೆನೆನ್ನಬಲ್ಲನು. ಆ ಒಂದು ಮಾತಿನ ಸ್ವಾತಂತ್ರ್ಯವು ಸಂಸಾರಕ್ಕೆ ಎಷ್ಟು ಬೆಲೆಯದೆಂಬದನ್ನು ನೌಕರಿ ಮಾಡಿದವರೆಲ್ಲರೂ ಬಲ್ಲರು. ಬರಗಾಲವು ಬಂದ ಮೇಲೆ ಬಾವಿಯನ್ನು ತೋಡಹೊರಟರೆ ನೀರು ಸಿಕ್ಕುವ ಮೊದಲು ದನಗಳು ಹೋಗುವವು. ಕೆರೆಯಲ್ಲಿ ನೀರಿರುವಾಗಲೇ ಬಾವಿಗೆ ಗುದ್ದಲಿ ಬೀಳಬೇಕು.