ಗಾಯನಶಾಲೆಯ ಬಾಗಿಲು ಮತ್ತು ನಮ್ಮ ಮಕ್ಕಳು

ಕಳೆದ ವರ್ಷ ಗಣೇಶೋತ್ಸವದ ಎರಡನೆಯ ಸಂಜೆ ಅಹಮದಾಬಾದಿನಲ್ಲಿ ನಮ್ಮ ಸಂಘದ ಭಜನೆ ನಡೆದಿತ್ತು. ಸೂರತ್ತಿನಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ಕುಟುಂಬವೊಂದು ಹಿಂದಿನ ಸಾಲಿನಲ್ಲಿ ಕುಳಿತಿತ್ತು. ಅವರ ಒಂಬತ್ತು ವರ್ಷದ ಮಗನಿಗೆ ಇನ್ನೂ ಮಾತು ಬಂದಿಲ್ಲ. ಭಜನೆ ಏರುತ್ತಿದ್ದಂತೆ ಹುಡುಗ ಗಟ್ಟಿಯಾಗಿ ಕೂಗತೊಡಗಿದ. ನಾವೆಲ್ಲ ತಿರುಗಿ ನೋಡಿದೆವು. ಯಾರೂ ಏನೂ ಅನ್ನಲಿಲ್ಲ, ನೋಡಿದ್ದೇ ಸಾಕಾಯಿತು. “ನಮ್ಮಿಂದ ಭಜನಿಗೆ ತ್ರಾಸ ಆಗೂದು ಬ್ಯಾಡ್ರೀ ಅಕ್ಕಾರ, ನಾವು ಹೊರಡ್ತೀವಿ” ಎಂದು ಆ ತಾಯಿ ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಹೇಳಿ, ಪ್ರಸಾದಕ್ಕೂ ನಿಲ್ಲದೆ ಹೊರಟುಹೋದರು. ಮರುದಿನ ತಬಲಾ ನುಡಿಸಿದವರು ಒಂದು ಮಾತು ಹೇಳಿದರು: “ಆ ಹುಡುಗನ ಕೂಗು ಪ್ರತಿ ಸಲವೂ ತಾಳ ಬೀಳುವ ಜಾಗದಲ್ಲೇ ಬೀಳುತ್ತಿತ್ತು. ನೀವು ಯಾರೂ ಗಮನಿಸಲಿಲ್ಲವೆ?”

ನಾವು ಗಮನಿಸಿರಲಿಲ್ಲ. ಆ ನಾಚಿಕೆಯಿಂದಲೇ ಈ ಲೇಖನ ಹುಟ್ಟಿದೆ. ಬೆಳವಣಿಗೆ ನಿಧಾನವಾದ, ಕಲಿಕೆಯಲ್ಲಿ ತೊಡಕುಳ್ಳ ಮಕ್ಕಳಿಗೆ ಶಾಸ್ತ್ರೀಯ ಸಂಗೀತ ಏನು ಮಾಡಬಲ್ಲದು ಎಂದು ಕೇಳುವ ಮೊದಲು, ನಾವು ಬಾಳುತ್ತಿರುವ ಈ ಗುಜರಾತಿನ ನಗರಗಳಲ್ಲಿ ಸಂಗೀತದ ಬಾಗಿಲು ಯಾರಿಗೆ, ಯಾವಾಗ ತೆರೆಯಿತು ಎಂಬ ಇತಿಹಾಸವನ್ನು ಸ್ವಲ್ಪ ನೋಡೋಣ.

ಮೊದಲು ವಡೋದರಾ. 1886ರಲ್ಲಿ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅಂದಿನ ಬರೋಡದಲ್ಲಿ ಗಾಯನಶಾಲೆಯನ್ನು ತೆರೆದರು. ಅದರ ಹೊಣೆ ಹೊತ್ತವರು ಉಸ್ತಾದ್ ಮೌಲಾ ಬಕ್ಷ್. ಕನ್ನಡಿಗರಾದ ನಾವು ಇವರನ್ನು ನೆನೆಯಲು ವಿಶೇಷ ಕಾರಣವಿದೆ. ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನು ಕಲಿತು, ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಮೇಲೆ ಬರೋಡದಲ್ಲಿ ನೆಲೆನಿಂತವರು ಅವರು. ಅಲ್ಲಿಯವರೆಗೆ ಗುರುವಿನ ಮನೆಯ ಒಳಕೋಣೆಯಲ್ಲಿ, ಮಗನಿಗೋ ಆಪ್ತ ಶಿಷ್ಯನಿಗೋ ಮಾತ್ರ ಸಿಗುತ್ತಿದ್ದ ವಿದ್ಯೆಯನ್ನು ಅವರು ಸ್ವರಲಿಪಿ ರಚಿಸಿ, ಪಾಠಗಳನ್ನಾಗಿ ವಿಂಗಡಿಸಿ, ತರಗತಿಗೆ ತಂದರು. ಆ ಶಾಲೆಯೇ ಮುಂದೆ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗವಾಗಿ ಬೆಳೆಯಿತು. ಕೊಡು-ಕೊಳ್ಳುವಿಕೆ ಅಲ್ಲಿಗೇ ನಿಲ್ಲಲಿಲ್ಲ. ಬರೋಡದ ಆಸ್ಥಾನದಲ್ಲಿ ಹಾಡಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಆ ಗಾಯನ ಹರಿದುಬಂದದ್ದು ನಮಗೆಲ್ಲ ತಿಳಿದದ್ದೇ.

ಎರಡನೆಯದು ಅಹಮದಾಬಾದಿನ ಸಾಬರಮತಿ ಆಶ್ರಮ. ಇಲ್ಲಿಗೆ ಬರುವ ದಾರಿ ಬೆಳಗಾವಿಯ ನೆರೆಯ ಕುರುಂದವಾಡದಿಂದ ಹೊರಡುತ್ತದೆ. ಅಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರಿಗೆ ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಶಾಲೆಯ ಓದು ಸಾಧ್ಯವಿಲ್ಲವೆಂದಾದಾಗ ಹುಡುಗನನ್ನು ಮಿರಜಿಗೆ ಸಂಗೀತ ಕಲಿಯಲು ಕಳುಹಿಸಿದರು. ಶಾಲೆ ಕೈಬಿಟ್ಟ ಆ ಹುಡುಗನೇ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿ ಸಹಸ್ರಾರು ಮಂದಿಗೆ ಸಂಗೀತದ ಶಾಲೆ ತೆರೆದ! ಅವರ ಶಿಷ್ಯ ನಾರಾಯಣ ಮೋರೇಶ್ವರ ಖರೆಯವರು 1918ರಲ್ಲಿ ಗಾಂಧೀಜಿಯವರ ಆಶ್ರಮಕ್ಕೆ ಬಂದರು. ಅಲ್ಲಿ ರಾಗಬದ್ಧ ಪ್ರಾರ್ಥನೆ ದೊಡ್ಡವರಿಗೂ ಮಕ್ಕಳಿಗೂ ದಿನನಿತ್ಯದ ಊಟದಂತಾಯಿತು. ಖರೆಯವರು 1938ರಲ್ಲಿ ಸೂರತ್ ಜಿಲ್ಲೆಯ ಹರಿಪುರದಲ್ಲಿ, ಕಾಂಗ್ರೆಸ್ ಅಧಿವೇಶನದ ಹೊತ್ತಿನಲ್ಲಿ ತೀರಿಕೊಂಡರು.

ಇತ್ತ ನಮ್ಮ ನಾಡಿನಲ್ಲಿಯೂ ಇದಕ್ಕೆ ಹೊಂದುವ ಸಾಧನೆ ನಡೆದಿತ್ತು. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ದೀಪವನ್ನು ಆರಗೊಡಲಿಲ್ಲ.

ಹೀಗೆ ಬಾಗಿಲು ಒಬ್ಬೊಬ್ಬರಿಗಾಗಿ ತೆರೆಯುತ್ತ ಬಂತು. ಕಣ್ಣಿಲ್ಲದ ಮಗುವಿಗೂ ತೆರೆಯಿತು. ಆದರೆ ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವನ್ನು, ಅಕ್ಷರ ಕೂಡಿಸಲು ತಡವರಿಸುವ ಮಗುವನ್ನು, ತನ್ನ ಲೋಕದಲ್ಲೇ ಇರುವಂತೆ ಕಾಣುವ ಮಗುವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಂಥ ಮಕ್ಕಳ ಮನಸ್ಸಿನ ಅಭ್ಯಾಸವೂ ಇದೇ ಅಹಮದಾಬಾದಿಗೆ ಬೇಗ ಬಂತೆಂಬುದು ಗಮನಾರ್ಹ. ರೋಮಿನಲ್ಲಿ ಬುದ್ಧಿ ನಿಧಾನವಾದ ಮಕ್ಕಳಿಗೆ ಕಲಿಸುತ್ತಲೇ ತಮ್ಮ ಶಿಕ್ಷಣಪದ್ಧತಿಯನ್ನು ಕಂಡುಕೊಂಡ ಮರಿಯಾ ಮಾಂಟೆಸರಿಯವರು 1939ರಲ್ಲಿ ಭಾರತಕ್ಕೆ ಬಂದು, ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದರು. ಅಹಮದಾಬಾದಿನಲ್ಲಿಯೂ ಶಿಕ್ಷಕರಿಗೆ ತರಬೇತಿ ನೀಡಿದರು. ಸ್ವರಗಳನ್ನು ಕಿವಿಯಿಂದ ಗುರುತಿಸಲು ಗಂಟೆಗಳ ಸಾಲನ್ನು ಬಳಸುವುದು ಅವರ ಪದ್ಧತಿಯ ಒಂದು ಅಂಗ. ಇಲ್ಲಿನ ಸಾರಾಭಾಯಿ ಮನೆತನದ ಮಗಳು ಗೀತಾ ಸಾರಾಭಾಯಿ ಪಖವಾಜ್ ವಾದಕಿ. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಸಂಗೀತಗಾರರಿಗೆ ಭಾರತೀಯ ಸಂಗೀತದ ಪಾಠ ಹೇಳಿದರು. ಮನಸ್ಸನ್ನು ಶಾಂತಗೊಳಿಸಿ ದೈವಕ್ಕೆ ಅಣಿಮಾಡುವುದೇ ಸಂಗೀತದ ಗುರಿ ಎಂದು ಅವರು ಹೇಳಿದ ಮಾತು ಕೇಜರ ದಾರಿಯನ್ನೇ ಬದಲಿಸಿತಂತೆ. ಗೀತಾ ಅವರು 1949ರಲ್ಲಿ ಅಹಮದಾಬಾದಿನಲ್ಲಿ ಸಂಗೀತ ಕೇಂದ್ರವನ್ನು ಆರಂಭಿಸಿದರು. ಅವರ ಅಣ್ಣ ಗೌತಮ ಸಾರಾಭಾಯಿ ಮತ್ತು ಅತ್ತಿಗೆ ಕಮಲಿನಿಯವರು 1951ರಲ್ಲಿ ಮಕ್ಕಳ ಬೆಳವಣಿಗೆ ಹಾಗೂ ಮನೋವಿಜ್ಞಾನಕ್ಕಾಗಿ ಬಿ. ಎಂ. ಸಂಸ್ಥೆಯನ್ನು ಕಟ್ಟಿದರು. ಒಂದೇ ಮನೆಯಿಂದ ಎರಡು ವರ್ಷಗಳ ಅಂತರದಲ್ಲಿ ಎರಡು ಕಾಲುವೆಗಳು ಹೊರಟವು. ಒಂದು ಸಂಗೀತದ್ದು, ಇನ್ನೊಂದು ಮಗುವಿನದು. ಈ ಎರಡೂ ಕೂಡುವ ಜಾಗವೇ ಇಂದು ನಾವು ಸಂಗೀತ ಚಿಕಿತ್ಸೆ ಎನ್ನುವುದು.

ಹೊರದೇಶಗಳಲ್ಲಿ ಆ ಕೂಡುವಿಕೆಗೆ ರೂಪ ಕೊಟ್ಟವರಲ್ಲಿ ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್ ಪ್ರಮುಖರು. ಒಬ್ಬರು ಸಂಗೀತಗಾರ, ಇನ್ನೊಬ್ಬರು ಇಂಥ ಮಕ್ಕಳ ಶಿಕ್ಷಕ. 1959ರಿಂದ ಇಬ್ಬರೂ ಜೊತೆಗೂಡಿ ಕೆಲಸ ಮಾಡಿದರು. ಮಗು ಕೂಗಿದರೆ ಆ ಕೂಗನ್ನೇ ಸ್ವರವೆಂದು ಎತ್ತಿಕೊಂಡು ಪಿಯಾನೋದಲ್ಲಿ ಉತ್ತರಿಸುವುದು ಅವರ ಕ್ರಮವಾಗಿತ್ತು. ಇದನ್ನು ಓದಿದಾಗ ನಮಗೆ ಆ ಭಜನೆಯ ಸಂಜೆ ನೆನಪಾಗದೆ ಇರಲಿಲ್ಲ.

ಇಲ್ಲಿ ಒಂದು ಎಚ್ಚರದ ಮಾತು ಅಗತ್ಯ. ಮೌಲಾ ಬಕ್ಷರ ಮೊಮ್ಮಗ ಇನಾಯತ್ ಖಾನರು ಸಂಗೀತಕ್ಕೆ ಗುಣಪಡಿಸುವ ಶಕ್ತಿಯಿದೆ ಎಂದು ಬೋಧಿಸಿದರು. ವಡೋದರಾ-ಸೂರತ್ ರೈಲುದಾರಿಯ ಭರೂಚಿನಲ್ಲಿ ಬೆಳೆದ ಪಂಡಿತ ಓಂಕಾರನಾಥ ಠಾಕೂರರು ಮುಸೋಲಿನಿಗೆ ಹಾಡಿ ನಿದ್ರೆ ಬರಿಸಿದರೆಂಬ ಕಥೆ ಪ್ರಸಿದ್ಧ. ಇಂಥ ಕಥೆಗಳನ್ನು ಮುಂದಿಟ್ಟುಕೊಂಡು ಇಂಥ ರೋಗಕ್ಕೆ ಇಂಥ ರಾಗ ಎಂದು ದುಡ್ಡು ಕೀಳುವವರೂ ಇದ್ದಾರೆ. ಪರೀಕ್ಷೆಗಳು ಹೇಳುವುದು ಬೇರೆ. ಒಂಬತ್ತು ದೇಶಗಳಲ್ಲಿ ಆಟಿಸಂ ಇರುವ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಗೀತ ಚಿಕಿತ್ಸೆಯಿಂದ ಲಕ್ಷಣಗಳ ತೀವ್ರತೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2022ರಲ್ಲಿ 26 ಅಧ್ಯಯನಗಳನ್ನು, 1165 ಮಂದಿಯ ಅನುಭವವನ್ನು ಒಟ್ಟಿಗೆ ತೂಗಿ ನೋಡಿದಾಗ, ಒಟ್ಟಾರೆ ಸುಧಾರಣೆಗೂ ಬದುಕಿನ ನೆಮ್ಮದಿಗೂ ಅದು ನೆರವಾಗುವ ಸಂಭವವಿದೆ ಎಂದು ಕಂಡುಬಂತು. ಅಂದರೆ ಸಂಗೀತ ಮಗುವನ್ನು ಬೇರೆ ಮಗುವನ್ನಾಗಿ ಮಾಡುವುದಿಲ್ಲ. ಇರುವ ಮಗುವಿಗೆ ನಮ್ಮೊಡನೆ ಸೇರಲು ಒಂದು ದಾರಿ ಮಾಡಿಕೊಡಬಹುದು.

ಆ ದಾರಿ ನಮ್ಮ ಮನೆಗಳಲ್ಲೇ ಇದೆ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆಗಳನ್ನು ನೋಡಿರಿ. ಮಾಯಾಮಾಳವಗೌಳದಲ್ಲಿ ಒಂದೊಂದೇ ಮೆಟ್ಟಿಲು, ಮತ್ತೆ ಮತ್ತೆ ಅದೇ ಮೆಟ್ಟಿಲು, ಅವಸರವಿಲ್ಲ. ಆದಿತಾಳದ ಎಂಟು ಎಣಿಕೆಯಲ್ಲಿ ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಎರಡು ಸಲ ಪೆಟ್ಟು-ಬೀಸು. ಕಿವಿ, ಕೈ, ಬಾಯಿ ಮೂರೂ ಒಟ್ಟಿಗೆ ದುಡಿಯುತ್ತವೆ. ಮುಂದೆ ಏನು ಬರುತ್ತದೆಂದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ಓದು-ಬರಹದಲ್ಲಿ ತೊಡಕಿರುವ ಹಲವು ಮಕ್ಕಳಿಗೆ ಲಯ ಹಿಡಿಯುವುದೂ ಕಷ್ಟವೆಂದು ಸಂಶೋಧಕರು ಕಂಡಿರುವುದರಿಂದ, ತಾಳದ ಅಭ್ಯಾಸಕ್ಕೆ ಬೆಲೆ ಇನ್ನೂ ಹೆಚ್ಚು. ಆದರೆ ಕೆಲವು ಮಕ್ಕಳಿಗೆ ಧ್ವನಿವರ್ಧಕದ ಅಬ್ಬರ ಕಿವಿಗೆ ನೋವಾಗುವಷ್ಟು ಚುಚ್ಚುತ್ತದೆ. ತಂಬೂರಿಯ ಮೆಲುದನಿ ಸಾಕು. ಎಲ್ಲಕ್ಕೂ ಮೊದಲು ಮಗುವಿನ ಶ್ರವಣ ಪರೀಕ್ಷೆ ಆಗಬೇಕು. ರಜೆಗೆ ಊರಿಗೆ ಹೋದಾಗ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಕಾಣಬಹುದು.

ಇನ್ನೊಂದು ಮಾತು ಹೊರನಾಡಿನ ತಾಯಂದಿರಿಗೆ. ಗುಜರಾತಿಯೋ ಇಂಗ್ಲಿಷೋ ಒಂದೇ ಭಾಷೆ ಸಾಕು, ಕನ್ನಡ ಬಿಟ್ಟುಬಿಡಿ ಎಂಬ ಸಲಹೆ ನಿಮಗೆ ಸಿಗಬಹುದು. ಎರಡು ಭಾಷೆ ಕೇಳಿದರೆ ಇಂಥ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ಜೋಗುಳ ನಿಮ್ಮ ಮಾತಿನಲ್ಲೇ ಇರಲಿ.

ಕಾನೂನೂ ಜೊತೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ, ಕಲಿಕೆಯ ತೊಡಕು ಸೇರಿದಂತೆ 21 ಬಗೆಗಳನ್ನು ಹೆಸರಿಸಿ, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ವಿಧಿಸಿದೆ. ಆದರೆ ಭಜನೆಯ ಸಾಲಿನಲ್ಲಿ ಪಕ್ಕಕ್ಕೆ ಸರಿದು ಜಾಗ ಬಿಡಬೇಕೆಂದು ಯಾವ ಕಾಯಿದೆಯೂ ಹೇಳಲಾರದು. ಅದು ನಮ್ಮ ಕೆಲಸ.

ಈ ವರ್ಷದ ಗಣೇಶೋತ್ಸವಕ್ಕೆ ಬರಬೇಕೆಂದು ಸೂರತ್ತಿನ ಆ ಕುಟುಂಬಕ್ಕೆ ನಾವು ಫೋನು ಮಾಡಿ ಕರೆದಿದ್ದೇವೆ. ನೋಡೋಣವೆಂದಷ್ಟೇ ಅವರು ಹೇಳಿದ್ದಾರೆ. ಅವರು ಹಿಂಜರಿಯುವುದು ಸಹಜ. ಭಜನೆಗೆ ಧ್ವನಿವರ್ಧಕ ಬೇಡವೆಂದು ತೀರ್ಮಾನವಾಗಿದೆ. ತಬಲಾದ ಪಕ್ಕದಲ್ಲಿ ಒಂದು ಚಾಪೆ ಹಾಸಿ, ಒಂದು ಜೊತೆ ಸಣ್ಣ ತಾಳವನ್ನು ಇಟ್ಟಿರುತ್ತೇವೆ.