ಪಹಣಿ: ನೋಡುವ ಕೆಲಸ ಯಾರದು?

ಕೋಥರೂಡದ ನನ್ನ ಮೇಜಿಗೆ ಅನುವಾದಕ್ಕೆ ಬರುವ ಕಾಗದಗಳಲ್ಲಿ ಜಮೀನಿನ ಉತಾರಗಳೂ ಇರುತ್ತವೆ. ಸೊಲ್ಲಾಪುರದ ಕಡೆಯದಾದರೆ ‘ಸಾತ್-ಬಾರಾ’, ವಿಜಯಪುರ-ಬೆಳಗಾವಿ ಕಡೆಯದಾದರೆ ‘ಪಹಣಿ’. ಸಾತ್-ಬಾರಾ ಎಂದರೆ ಏಳು-ಹನ್ನೆರಡು: ಗ್ರಾಮ ನಮೂನೆ ಏಳರಲ್ಲಿ ಹಕ್ಕು, ಹನ್ನೆರಡರಲ್ಲಿ ಬೆಳೆ. ಪಹಣಿ ನಮಗೆ ಕನ್ನಡದ್ದೇ ಅನ್ನಿಸಿದರೂ ಅದರ ಬೇರು ಮರಾಠಿಯಲ್ಲಿದೆ. ‘ಪಾಹಣೆ’ ಎಂದರೆ ನೋಡುವುದು, ‘ಪಾಹಣಿ’ ಎಂದರೆ ಹೊಲಕ್ಕೆ ಹೋಗಿ ನೋಡಿ ಬರುವುದು.

ಯಾರು ನೋಡಬೇಕು, ಯಾರಿಗಾಗಿ ನೋಡಬೇಕು ಎಂಬ ಪ್ರಶ್ನೆ ಹಳೆಯದು. ಇದೇ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ 1830ರ ದಶಕದ ನಡುವೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಹೊಲಗಳನ್ನು ಅಳೆದು, ಮಣ್ಣಿನ ದರ್ಜೆ ಗೊತ್ತುಮಾಡಿ, ಕಂದಾಯ ಕಟ್ಟುವ ಪದ್ಧತಿಯೊಂದನ್ನು ರೂಪಿಸಿದರು. ಅದೇ ಪದ್ಧತಿ ಮುಂದೆ ಧಾರವಾಡ, ಬೆಳಗಾವಿಗಳಿಗೂ ಬಂತು. ಹೊಲವನ್ನು ಎಂದೂ ಕಾಣದ ಸಾಹೇಬನು ಕಚೇರಿಯಲ್ಲಿ ಕೂತು ಆ ಹೊಲದ ಬಗ್ಗೆ ತೀರ್ಮಾನ ಮಾಡುವುದು ಹೀಗೆ ಸಾಧ್ಯವಾಯಿತು. ಕಂಪ್ಯೂಟರ್ ಇಲ್ಲದಿದ್ದರೂ ಅದು ಆಡಳಿತದ ಮಾಹಿತಿ ವ್ಯವಸ್ಥೆಯೇ.

ಅದರ ಕೀಲಿಕೈ ಮಾತ್ರ ಊರಲ್ಲೇ ಉಳಿಯಿತು. ಮೊದಲು ಕುಲಕರ್ಣಿ, ಶ್ಯಾನುಭೋಗರ ಬಳಿ. ಆಮೇಲೆ ಗ್ರಾಮ ಲೆಕ್ಕಿಗರ ಬಳಿ. ತೊಂಬತ್ತರ ದಶಕದ ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಒಬ್ಬೊಬ್ಬರ ಕೈಯಲ್ಲಿ ಮೂರು-ನಾಲ್ಕು ಹಳ್ಳಿಗಳ ದಫ್ತರ. ಪಹಣಿ ಬೇಕಾದವನು ಮೊದಲು ಲೆಕ್ಕಿಗರನ್ನು ಹುಡುಕಬೇಕಿತ್ತು, ಆಮೇಲೆ ಅವರ ಮರ್ಜಿ ಕಾಯಬೇಕಿತ್ತು. ತಹಶೀಲ್ದಾರರ ಪಾಡೂ ಅಷ್ಟೇ: ತನ್ನ ತಾಲೂಕಿನಲ್ಲಿ ಎಷ್ಟು ಖಾತೆ ಬದಲಾವಣೆ ಬಾಕಿ ಇವೆ, ಯಾರ ಬಳಿ, ಎಷ್ಟು ದಿನದಿಂದ ಎಂದು ತಿಳಿಯಲು ಅದೇ ಲೆಕ್ಕಿಗರನ್ನೇ ಕೇಳಬೇಕು.

2000-01ರ ಹೊತ್ತಿಗೆ ಬಂದ ‘ಭೂಮಿ’ ಯೋಜನೆ ಇದನ್ನು ತಿರುಗಿಸಿತು. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಮುಂದೆ ನಿಂತರು, ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ರೈತನ ಕಡೆಗೂ ಮುಖ ಮಾಡಿದ ಇನ್ನೊಂದು ಪರದೆ. ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್. ಯಾರು ಏನು ಬದಲಿಸಿದರೆಂಬುದು ದಾಖಲಾಗುತ್ತದೆ. ಕಂಪ್ಯೂಟರ್ ಪಹಣಿ ಬಂದ ತಾಲೂಕುಗಳಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸರ್ಕಾರ ಸಾರಿತು. ಈ ಒಂದು ಆಜ್ಞೆ ಇಲ್ಲದಿದ್ದರೆ ಹಳೆಯ ದಫ್ತರ, ಹೊಸ ಕಂಪ್ಯೂಟರ್ ಎರಡೂ ನಡೆದು, ಬೇಕಾದವರು ಬೇಕಾದ್ದನ್ನು ತೋರಿಸುತ್ತಿದ್ದರು.

ಜನ ನೆನಪಿಡುವುದು ಆ 15 ರೂಪಾಯಿಯನ್ನು. ಆಡಳಿತದ ಮಟ್ಟಿಗೆ ದೊಡ್ಡದು ಸರತಿ. ಖಾತೆ ಬದಲಾವಣೆಯ ಅರ್ಜಿಗೆ ಕ್ರಮಸಂಖ್ಯೆ ಬೀಳುತ್ತದೆ, ಮೊದಲು ಬಂದದ್ದು ಮೊದಲು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುವುದಿಲ್ಲ. ನೋಟಿಸಿನ ಅವಧಿ ಕಳೆದರೂ ಕೂತಿರುವ ಅರ್ಜಿ ಯಾವುದು, ಯಾರ ಬಳಿ ಎಂಬ ಪಟ್ಟಿ ಮೇಲಧಿಕಾರಿಗೆ ಸಿಗುತ್ತದೆ. ಯಾವ ತಾಲೂಕಿಗೆ ಹೋಗಬೇಕು, ಯಾರನ್ನು ಕರೆದು ಕೇಳಬೇಕು ಎಂಬ ತೀರ್ಮಾನಕ್ಕೆ ಮೊದಲ ಸಲ ಆಧಾರ ಸಿಕ್ಕಿತು.

1971ರಲ್ಲಿ ಅಮೆರಿಕದ ಗೋರಿ ಮತ್ತು ಸ್ಕಾಟ್ ಮಾರ್ಟನ್ ಒಂದು ಲೇಖನದಲ್ಲಿ ತೀರ್ಮಾನಗಳನ್ನು ವಿಂಗಡಿಸಿದ್ದರು: ನಿಯಮಕ್ಕೆ ಪೂರ್ತಿ ಒಗ್ಗುವಂಥವು, ಅರ್ಧ ಒಗ್ಗುವಂಥವು, ಒಗ್ಗದಂಥವು. ಸರತಿ ಮೊದಲನೆಯ ಬಗೆಯದು, ಯಂತ್ರಕ್ಕೆ ಬಿಡಬಹುದು. ‘ತಕರಾರು’ ಬಿದ್ದ ಖಾತೆ ಹಾಗಲ್ಲ. ಅಣ್ಣ ಸತ್ತಿದ್ದಾನೆ, ಪಹಣಿಯಲ್ಲಿ ಇನ್ನೂ ಅವನದೇ ಹೆಸರು, ತಂಗಿಯ ಪಾಲು ಎಲ್ಲೂ ಬರೆದಿಲ್ಲ, ಉಳುತ್ತಿರುವವನು ಇನ್ಯಾರೋ. ಅಲ್ಲಿ ಕಂಪ್ಯೂಟರ್ ತಡವನ್ನು ತೋರಿಸೀತು, ನ್ಯಾಯವನ್ನಲ್ಲ. ಅದನ್ನು ಅಧಿಕಾರಿಯೇ ಕೇಳಿ, ವಿಚಾರಿಸಿ ಹೇಳಬೇಕು. ಹಳೆಯ ದಫ್ತರದ ತಪ್ಪು ಕಂಪ್ಯೂಟರಿಗೆ ಹತ್ತಿದರೆ, ಅದು ಅಚ್ಚುಕಟ್ಟಾಗಿ ಮುದ್ರಣಗೊಂಡು ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನೊಂದು ತಕರಾರು 2007ರಲ್ಲಿ ಬಂತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ, ಊರಿನಲ್ಲಿದ್ದ ದಾಖಲೆ ಮೇಲಕ್ಕೆ ಹೋದಾಗ ಲಾಭವಾದದ್ದು ದೊಡ್ಡ ಪ್ರಮಾಣದಲ್ಲಿ ಜಮೀನು ಹಿಡಿಯುವವರಿಗೆ ಎಂದು ವಾದಿಸಿದರು. ವಾದವನ್ನು ಪೂರ್ತಿ ಒಪ್ಪದಿದ್ದರೂ ಒಂದು ಮಾತು ಉಳಿಯುತ್ತದೆ: ಮಾಹಿತಿ ಎಲ್ಲಿ ಸೇರುತ್ತದೋ, ಅಧಿಕಾರವೂ ಅಲ್ಲಿಗೇ ಸರಿಯುತ್ತದೆ. ಲೆಕ್ಕಿಗರ ಲಂಚ ಕೆಟ್ಟದ್ದು, ನಿಜ. ಆದರೆ ಯಾರ ಹೊಲಕ್ಕೆ ಯಾವ ದಾರಿ, ಯಾವ ಬದು ಯಾರದು ಎಂಬ ಅವರ ತಿಳಿವಳಿಕೆಗೆ ಪರದೆಯಲ್ಲಿ ಅಂಕಣವಿರಲಿಲ್ಲ.

ಮಹಾರಾಷ್ಟ್ರ 2021ರಲ್ಲಿ ‘ಇ-ಪೀಕ್ ಪಾಹಣಿ’ ಎಂಬ ಆ್ಯಪ್ ತಂದಿತು. ಹೊಲದಲ್ಲಿ ಏನು ಬೆಳೆ ಇದೆ ಎಂಬುದನ್ನು ರೈತನೇ ಫೋಟೊ ತೆಗೆದು ದಾಖಲಿಸಬೇಕು. ನೋಡುವ ಕೆಲಸ ಅಂತೂ ಹೊಲದವನ ಕೈಗೆ ಬಂತು. ತೀರ್ಮಾನ ಮಾತ್ರ ಇನ್ನೂ ಕಚೇರಿಯದೇ. ‘ಪಹಣಿ’ಯನ್ನು ಇಂಗ್ಲಿಷಿಗೆ ತರುವಾಗ ನಾನು ‘ರೆಕಾರ್ಡ್’ ಎಂದೇ ಬರೆಯುತ್ತೇನೆ, ಬೇರೆ ದಾರಿಯಿಲ್ಲ. ‘ನೋಡಿ ಬಂದದ್ದು’ ಎಂಬ ಅರ್ಥ ಪ್ರತಿಸಲವೂ ಅಲ್ಲಿ ಬಿಟ್ಟುಹೋಗುತ್ತದೆ.