ಕೊಂಕಣ ರೈಲು: ಗುಡ್ಡ, ಮಳೆ ಮತ್ತು ಗಂಡಾಂತರದ ಲೆಕ್ಕ

ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದಕ್ಕೆ ಸಾಗುವ ಕೊಂಕಣ ರೈಲು ಮಾರ್ಗವು ಬೃಹತ್ ಕಾಮಗಾರಿಗಳಲ್ಲಿ ಅಪಾಯವನ್ನು ನಿಭಾಯಿಸುವ ಬಗೆಗೆ ಉತ್ತಮ ನಿದರ್ಶನ. ತೊಂಬತ್ತಕ್ಕೂ ಹೆಚ್ಚು ಸುರಂಗಗಳು, ಎರಡು ಸಾವಿರದಷ್ಟು ಸೇತುವೆಗಳು ಈ ಮಾರ್ಗದಲ್ಲಿವೆ. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ ಸೇತುವೆಯೊಂದೇ ಎರಡು ಕಿ.ಮೀ. ಮೀರುತ್ತದೆ.

ಮೊದಲ ಅಪಾಯ ಹಣದ್ದು. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮದಲ್ಲಿ ರೈಲ್ವೆ ಇಲಾಖೆ ಶೇ. 51, ಮಹಾರಾಷ್ಟ್ರ ಶೇ. 22, ಕರ್ನಾಟಕ ಶೇ. 15, ಗೋವಾ ಮತ್ತು ಕೇರಳ ತಲಾ ಶೇ. 6ರಷ್ಟು ಪಾಲು ಹೊಂದಿದವು. ಉಳಿದ ಬಂಡವಾಳವನ್ನು ಬಹುಪಾಲು ಸಾಲಪತ್ರಗಳ ಮೂಲಕ ಎತ್ತಲಾಯಿತು. ಸಾಲದ ಹಣವಾದ್ದರಿಂದ ಪ್ರತಿ ತಿಂಗಳ ವಿಳಂಬವೂ ಬಡ್ಡಿಯಾಗಿ ಬೆಳೆಯುತ್ತಿತ್ತು. ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರು ಗುತ್ತಿಗೆದಾರರ ಬಿಲ್ಲುಗಳನ್ನು ತಡಮಾಡದೆ ಪಾವತಿಸುವ ಪದ್ಧತಿ ತಂದದ್ದು ಈ ಕಾರಣದಿಂದಲೇ. ಹಣ ಸಿಗದೆ ಗುತ್ತಿಗೆದಾರ ಕೆಲಸ ನಿಲ್ಲಿಸಿದರೆ ನಷ್ಟ ಕೊನೆಗೆ ನಿಗಮದ್ದೇ ಎಂಬ ಲೆಕ್ಕ ಅದು.

ಜನವಿರೋಧದ ಅಪಾಯ ಎದುರಾದದ್ದು ಗೋವಾದಲ್ಲಿ. ಮಾರ್ಗ ಬದಲಿಸಬೇಕೆಂಬ ಚಳವಳಿಯಿಂದ 1993ರಲ್ಲಿ ಅಲ್ಲಿನ ಕೆಲಸ ಸ್ಥಗಿತಗೊಂಡು, ನ್ಯಾಯಮೂರ್ತಿ ಓಝಾ ಆಯೋಗದ ವಿಚಾರಣೆಯೂ ನಡೆಯಿತು.

ಆದರೆ ಎಂಜಿನಿಯರುಗಳನ್ನು ನಿಜವಾಗಿ ಕಂಗೆಡಿಸಿದ್ದು ಮಣ್ಣು. ಗಟ್ಟಿ ಬಂಡೆಯ ಸುರಂಗಗಳಿಗಾಗಿ ಸ್ವೀಡನ್ನಿನಿಂದ ಯಂತ್ರಗಳನ್ನು ತರಿಸಲಾಗಿತ್ತು. ಸಹ್ಯಾದ್ರಿಯ ಕಲ್ಲು ಅವುಗಳಿಗೆ ಮಣಿಯಿತು. ಒಂಬತ್ತು ಸುರಂಗಗಳಲ್ಲಿ ಮಾತ್ರ ಎದುರಾದದ್ದು ನೀರು ಕುಡಿದ ಮೆದು ಜೇಡಿ. ಕರಾವಳಿಯಲ್ಲಿ ಬಾವಿ ತೋಡುವವರಿಗೆ ಜಂಬಿಟ್ಟಿಗೆಯ ಕೆಳಗಿನ ಶೇಡಿ ಮಣ್ಣಿನ ಸ್ವಭಾವ ಹೊಸದಲ್ಲ. ಅಗೆದಷ್ಟೂ ಮೇಲಿನಿಂದ ಕುಸಿಯುತ್ತದೆ. ಯಂತ್ರ ನಿರುಪಯುಕ್ತವಾಗಿ, ಕೈಯಿಂದಲೇ ಅಂಗುಲ ಅಂಗುಲವಾಗಿ ಅಗೆದು ಆಸರೆ ಕೊಡಬೇಕಾಯಿತು. ಗೋವಾದ ಪೆರ್ನೆಮ್ ಸುರಂಗ ಒಂದೂವರೆ ಕಿ.ಮೀ.ಯಷ್ಟೇ ಇದ್ದರೂ ಆರು ವರ್ಷ ನುಂಗಿತು. ಐದು ವರ್ಷದಲ್ಲಿ ಮುಗಿಸುವ ಸಂಕಲ್ಪ ಹುಸಿಯಾಗಿ, ಇಡೀ ಮಾರ್ಗದಲ್ಲಿ ಸಂಚಾರ ಆರಂಭವಾದದ್ದು 1998ರ ಜನವರಿ 26ರಂದು. ನಿರ್ಮಾಣದ ಅವಧಿಯಲ್ಲಿ ಮೃತಪಟ್ಟ ಕಾರ್ಮಿಕರು 70ಕ್ಕೂ ಹೆಚ್ಚು. ರತ್ನಾಗಿರಿಯಲ್ಲಿ ಅವರ ಸ್ಮಾರಕವಿದೆ.

ಕಟ್ಟುವಾಗಿನ ಅಪಾಯಕ್ಕೆ ಕೊಟ್ಟ ಗಮನವನ್ನು ಕಟ್ಟಿದ ನಂತರದ ಅಪಾಯಕ್ಕೆ ಕೊಡಲಿಲ್ಲವೆಂದೇ ಹೇಳಬೇಕು. ಹಳಿಗಾಗಿ ಗುಡ್ಡ ಸೀಳಿದ ಕಡೆಗಳಲ್ಲಿ ಧರೆಗಳು ಕಡಿದಾಗಿಯೇ ಉಳಿದವು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿ ಬಳಿ ಬಂಡೆಗಳಿಗೆ ಬಡಿದು ಹಳಿ ತಪ್ಪಿತು. 50ಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು. ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರಾಯಗಡ ಜಿಲ್ಲೆಯಲ್ಲಿ ಇದೇ ಬಗೆಯ ಬಂಡೆಗೆ ಡಿಕ್ಕಿಯಾಗಿ ಸೇತುವೆಯಿಂದ ಉರುಳಿತು. ಎರಡೂ ಮುಂಗಾರಿನ ಆರಂಭದ ದಿನಗಳು.

ಅನಂತರ ಧರೆಗಳ ಇಳಿಜಾರನ್ನು ತಗ್ಗಿಸಲಾಯಿತು, ಉಕ್ಕಿನ ಬಲೆ ಹೊದಿಸಲಾಯಿತು, ಸಡಿಲ ಬಂಡೆಗಳನ್ನು ಕೆಡವಲಾಯಿತು. ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಇದೆ. ಜೋರು ಮಳೆಯಲ್ಲಿ ಎದುರಿನ ಹಳಿ ಕಾಣದಿದ್ದರೆ ಚಾಲಕರು ಗಂಟೆಗೆ 40 ಕಿ.ಮೀ. ವೇಗ ಮೀರುವಂತಿಲ್ಲ. ಗ್ಯಾಂಗ್‌ಮನ್‌ಗಳು ರಾತ್ರಿಯೂ ಹಳಿಗುಂಟ ಗಸ್ತು ತಿರುಗುತ್ತಾರೆ. ಶರಾವತಿ, ಮಾಂಡೋವಿ, ಜುವಾರಿ ಸೇತುವೆಗಳಲ್ಲಿ ಗಾಳಿಯ ವೇಗ ಅಳೆಯುವ ಮಾಪಕಗಳಿವೆ. ಮುಂಬಯಿಗೆ ಹೋಗುವ ಕರಾವಳಿಯ ಪ್ರಯಾಣಿಕರು ಮಳೆಗಾಲದಲ್ಲಿ ರೈಲು ತಡವೆಂದು ಗೊಣಗುವುದುಂಟು. ಆ ತಡಕ್ಕೆ ಕಾರಣ ಇದು.

ಇಷ್ಟಾದರೂ 2024ರ ಜುಲೈ ತಿಂಗಳಲ್ಲಿ ಪೆರ್ನೆಮ್ ಸುರಂಗದೊಳಗೆ ತಳದಿಂದ ನೀರು ಮತ್ತು ಕೆಸರು ಉಕ್ಕಿ ಸಂಚಾರ ನಿಂತಿತು. ಹಲವು ರೈಲುಗಳು ರದ್ದಾದವು, ಕೆಲವನ್ನು ಬೇರೆ ಮಾರ್ಗದಲ್ಲಿ ಕಳುಹಿಸಲಾಯಿತು. ಆರು ವರ್ಷ ಸತಾಯಿಸಿದ ಅದೇ ಸುರಂಗ, ಅದೇ ಮಣ್ಣು.